ಕಾಲೇಜು ಎನ್‌ಸಿಸಿಯಿಂದ ಸೇನಾಧಿಕಾರಿ ಹುದ್ದೆಯವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ಪ್ರವೇಶ ಮುಗಿಯುತ್ತಿದ್ದಂತೆ ಎನ್‌ಸಿಸಿ (ನ್ಯಾಷನಲ್ ಕೆಡೆಟ್ ಕೋರ್) ಕೋಣೆಯ ಮುಂದೆ ಹುಡುಗ ಹುಡುಗಿಯರು ಬಂದು ನಿಲ್ಲುತ್ತಾರೆ, ಕೆಲವರ ಜೊತೆ ಅಪ್ಪ ಅಮ್ಮನೂ ಇರುತ್ತಾರೆ. ಕಾಲೇಜಿನಲ್ಲಿ ಪಾಠ ಮಾಡುತ್ತ ಎನ್‌ಸಿಸಿಯನ್ನೂ ನೋಡಿಕೊಳ್ಳುವ ನನಗೆ ಅವರ ಪ್ರಶ್ನೆಗಳು ಬಾಯಿಪಾಠವಾಗಿವೆ. ಅವರು ಕೇಳುವ ಮಾತಿನಲ್ಲೇ ಅವನ್ನು ಇಲ್ಲಿ ಬರೆದು ಉತ್ತರ ಕೊಟ್ಟಿದ್ದೇನೆ. ಹೆಚ್ಚಿನ ವಿವರ ಭೂಸೇನಾ ವಿಭಾಗದ ಕೆಡೆಟ್‌ಗಳಿಗೆ ಸಂಬಂಧಿಸಿದ್ದು.

ಸರ್, ಎನ್‌ಸಿಸಿ ಸೇರಿದರೆ ಮಿಲಿಟರಿಗೆ ಹೋಗಲೇಬೇಕಾ?

ಇಲ್ಲ. 1948ರ ಎನ್‌ಸಿಸಿ ಕಾಯ್ದೆಯಲ್ಲೇ ಇದು ಸ್ಪಷ್ಟವಾಗಿದೆ: ಕೆಡೆಟ್ ಆದ ಕಾರಣಕ್ಕೆ ಯಾರನ್ನೂ ಸೈನ್ಯದ ಸೇವೆಗೆ ಕಳಿಸುವಂತಿಲ್ಲ. ಮೂರು ವರ್ಷ ತರಬೇತಿ ಪಡೆದು ಬ್ಯಾಂಕಿಗೋ ಶಾಲೆಗೋ ಕೆಲಸಕ್ಕೆ ಹೋದವರೇ ಹೆಚ್ಚು. ‘ಮಗನನ್ನು ಗಡಿಗೆ ಕರೆದುಕೊಂಡು ಹೋಗಿಬಿಡ್ತಾರೆ’ ಎಂದು ಹೆದರುವ ತಾಯಂದಿರಿಗೆ ಮೊದಲು ಹೇಳುವುದು ಇದನ್ನೇ.

‘ಸಿ’ ಸರ್ಟಿಫಿಕೇಟ್ ಇದ್ದರೆ ಪರೀಕ್ಷೆ ಇಲ್ಲದೆ ಆಫೀಸರ್ ಆಗಬಹುದಂತೆ, ನಿಜವೇ?

ಅರ್ಧ ನಿಜ. ‘ಸಿ’ ಎಂದರೆ ಎನ್‌ಸಿಸಿಯ ಮೂರನೇ ವರ್ಷದಲ್ಲಿ ಬರೆಯುವ ಪರೀಕ್ಷೆಯ ಸರ್ಟಿಫಿಕೇಟ್. ಭೂಸೇನೆಯಲ್ಲಿ ‘ಎನ್‌ಸಿಸಿ ಸ್ಪೆಷಲ್ ಎಂಟ್ರಿ’ ಎಂಬ ದಾರಿ ಇದೆ. ವರ್ಷಕ್ಕೆ ಎರಡು ಬಾರಿ ಅರ್ಜಿ ಕರೆಯುತ್ತಾರೆ. ಪದವಿಯಲ್ಲಿ ಒಟ್ಟು ಕನಿಷ್ಠ ಶೇ 50 ಅಂಕ, ‘ಸಿ’ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ‘ಬಿ’ ಗ್ರೇಡ್, 19ರಿಂದ 25ರೊಳಗಿನ ವಯಸ್ಸು, ಮದುವೆ ಆಗಿರಬಾರದು. ಯುದ್ಧದಲ್ಲಿ ಮಡಿದ ಅಥವಾ ಗಾಯಗೊಂಡ ಸೈನಿಕರ ಮಕ್ಕಳಿಗೆ ‘ಸಿ’ ಸರ್ಟಿಫಿಕೇಟ್ ಷರತ್ತಿನಿಂದ ವಿನಾಯಿತಿ ಇದೆ. ಈ ದಾರಿಯಲ್ಲಿ ಯುಪಿಎಸ್‌ಸಿಯ ಲಿಖಿತ ಪರೀಕ್ಷೆ ಇರುವುದಿಲ್ಲ. ಜನ ‘ಪರೀಕ್ಷೆ ಇಲ್ಲ’ ಅನ್ನುವುದು ಇಷ್ಟಕ್ಕೇ.

ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಐದು ದಿನದ ಸಂದರ್ಶನ, ಎಲ್ಲರಂತೆ ನಿಮಗೂ ಇದೆ, ಅಲ್ಲಿ ರಿಯಾಯಿತಿ ಇಲ್ಲ. ಆಮೇಲೆ ವೈದ್ಯಕೀಯ ಪರೀಕ್ಷೆ, ಅದರ ಮೇಲೆ ಇಡೀ ದೇಶದ ಮೆರಿಟ್ ಪಟ್ಟಿ. ಸ್ಥಾನಗಳೂ ಬಹಳ ಕಡಿಮೆ. ಎಸ್‌ಎಸ್‌ಬಿ ಪಾಸಾಗಿ, ಮೆಡಿಕಲ್ ಪಾಸಾಗಿ, ಮೆರಿಟ್‌ನಲ್ಲಿ ಹಿಂದೆ ಬಿದ್ದು ಉಳಿದವರೂ ಇದ್ದಾರೆ. ಸರ್ಟಿಫಿಕೇಟ್ ನಿಮಗೆ ಸಂದರ್ಶನದ ಬಾಗಿಲು ತೆರೆದುಕೊಡುತ್ತದೆ. ಒಳಗೆ ಹೋದ ಮೇಲೆ ನೋಡುವುದು ನಿಮ್ಮನ್ನು. ಮೂರು ವರ್ಷ ಎನ್‌ಸಿಸಿಯಲ್ಲಿ ನೀವು ಏನು ಮಾಡಿದಿರಿ ಎಂಬುದು ಲೆಕ್ಕಕ್ಕೆ ಬರುವುದು ಅಲ್ಲೇ. ಹಾಜರಾತಿಗೆಂದು ಮಾತ್ರ ಬಂದು ಹೋದವರಿಗೆ ಅಲ್ಲಿ ಹೇಳಲು ಏನೂ ಇರುವುದಿಲ್ಲ.

ಸೇರುವುದು ಯಾವಾಗ? ಪಿಯುಸಿಯಲ್ಲಿ ಇದ್ದವರಿಗೆ ಲಾಭ ಇದೆಯಾ?

ಪದವಿಯ ಮೊದಲ ವರ್ಷದಲ್ಲಿ, ಪ್ರವೇಶ ಮುಗಿದ ಕೆಲವೇ ವಾರಗಳಲ್ಲಿ. ನೋಟಿಸ್ ಬೋರ್ಡ್ ನೋಡುತ್ತಿರಿ. ಎರಡನೇ ವರ್ಷದಲ್ಲಿ ಬಂದು ಕೇಳಿದರೆ ‘ಸಿ’ ಪರೀಕ್ಷೆಗೆ ಸಮಯ ಸಾಲುವುದಿಲ್ಲ. ಸಾಮಾನ್ಯವಾಗಿ ಎತ್ತರ ನೋಡುತ್ತಾರೆ, ಓಡಿಸುತ್ತಾರೆ, ಸಣ್ಣ ಬರಹದ ಪರೀಕ್ಷೆ ಮತ್ತು ಮಾತುಕತೆ ಇರುತ್ತದೆ. ಪಿಯುಸಿಯಲ್ಲೇ ಸೀನಿಯರ್ ಡಿವಿಷನ್‌ನಲ್ಲಿದ್ದು (ಕಾಲೇಜು ಹಂತದ ಎನ್‌ಸಿಸಿ) ‘ಬಿ’ ಸರ್ಟಿಫಿಕೇಟ್ ಮುಗಿಸಿದವರು ಪದವಿಗೆ ಬಂದ ಮೇಲೆ ‘ಸಿ’ಗೆ ಮುಂದುವರಿಯಬಹುದು. ಹಳೆಯ ದಾಖಲೆ ಜೋಪಾನವಾಗಿಡಿ.

ವಾರಕ್ಕೆ ಎಷ್ಟು ಪರೇಡ್? ಹಿಂದಿ ಬರದಿದ್ದರೆ ಕಷ್ಟವಾ?

ವೇಳಾಪಟ್ಟಿ ಕಾಲೇಜಿನಿಂದ ಕಾಲೇಜಿಗೆ ಬೇರೆ. ಬೆಳಿಗ್ಗೆ ತರಗತಿಗೆ ಮೊದಲು ಅಥವಾ ವಾರದ ಕೊನೆಗೆ ಇಡುವುದು ರೂಢಿ. ಶೇ 75 ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಡ್ರಿಲ್, ಶಸ್ತ್ರಗಳ ಪರಿಚಯ, ನಕ್ಷೆ ಓದುವುದು, ಪ್ರಥಮ ಚಿಕಿತ್ಸೆ, ಸಮಾಜಸೇವೆ ಇವು ಮುಖ್ಯ ಪಾಠ. ಗುಂಡು ಹಾರಿಸುವುದು ಪಾಯಿಂಟ್ ಟೂ ಟೂ ರೈಫಲ್‌ನಿಂದ ಶುರು.

ಕಮಾಂಡ್ ಎಲ್ಲವೂ ಹಿಂದಿಯಲ್ಲೇ. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ತೇಜ್ ಚಲ್, ಥಮ್. ಮೊದಲ ದಿನಗಳಲ್ಲಿ ಬಲಕ್ಕೆ ಹೇಳಿದರೆ ಎಡಕ್ಕೆ ತಿರುಗುವವರು ಇದ್ದೇ ಇರುತ್ತಾರೆ. ಒಂದು ತಿಂಗಳು ಬಿಡದೆ ಬಂದರೆ ಕಿವಿಗೆ ಕೂತುಬಿಡುತ್ತದೆ. ಕಲಿಸಲು ಸೇನೆಯಿಂದ ಬರುವ ಹವಾಲ್ದಾರರು, ಸುಬೇದಾರರು ಪಂಜಾಬಿನವರೂ ಇರಬಹುದು, ತಮಿಳುನಾಡಿನವರೂ ಇರಬಹುದು. ಎಲ್ಲರನ್ನೂ ಕೆಡೆಟ್‌ಗಳು ‘ಉಸ್ತಾದ್’ ಎಂದೇ ಕರೆಯುವುದು. ಅವರ ಜೊತೆ ತಪ್ಪು ಹಿಂದಿಯಲ್ಲೇ ಮಾತಾಡಿ. ಸೈನ್ಯದಲ್ಲಿ ನಿಜವಾಗಿ ಸೇವೆ ಮಾಡಿ ಬಂದವರು ವಾರ ವಾರ ನಿಮ್ಮ ಎದುರಿಗೆ ನಿಲ್ಲುತ್ತಾರೆ. ಸಿಯಾಚಿನ್‌ನಲ್ಲಿ ಹೇಗಿತ್ತು, ಆಫೀಸರ್ ಅಂದರೆ ಜವಾನರು ಏನು ಬಯಸುತ್ತಾರೆ ಎಂದು ಅವರನ್ನು ಕೇಳಬಹುದು. ಈ ಅವಕಾಶ ಯಾವ ಕೋಚಿಂಗ್ ಕೇಂದ್ರದಲ್ಲೂ ಸಿಗುವುದಿಲ್ಲ, ಆದರೂ ಕೇಳುವ ಕೆಡೆಟ್‌ಗಳು ಕಡಿಮೆ ಎಂಬುದು ನನ್ನ ನೋವು.

ಓದು ಹಾಳಾಗುವುದಿಲ್ಲವೇ?

ಹಾಳಾಗಲು ಬಿಡಬೇಡಿ. ಸ್ಪೆಷಲ್ ಎಂಟ್ರಿಗೆ ಶೇ 50 ಸಾಕು ಎಂದು ಅಧಿಸೂಚನೆಯಲ್ಲಿರುತ್ತದೆ, ನಿಜ. ಆದರೆ ಅರ್ಜಿ ಹಾಕಿದ ಎಲ್ಲರನ್ನೂ ಎಸ್‌ಎಸ್‌ಬಿಗೆ ಕರೆಯುವುದಿಲ್ಲ. ಪದವಿಯ ಅಂಕ ನೋಡಿ ಕಟ್ ಆಫ್ ಹಾಕುತ್ತಾರೆ. ಪರೇಡ್‌ನಲ್ಲಿ ಎಲ್ಲರಿಗಿಂತ ಚೆನ್ನಾಗಿದ್ದ ಹುಡುಗ ಅಂಕ ಸಾಲದೆ ಕರೆ ಬಾರದೇ ಉಳಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕೊನೆಯ ವರ್ಷದಲ್ಲಿರುವವರೂ ಹಿಂದಿನ ವರ್ಷಗಳಲ್ಲಿ ಶೇ 50 ಪಡೆದಿದ್ದರೆ ಅರ್ಜಿ ಹಾಕಬಹುದು. ಆದ್ದರಿಂದ ಮೊದಲ ಸೆಮಿಸ್ಟರ್‌ನಿಂದಲೇ ಅಂಕ ಮುಖ್ಯ. ಬಿಎ, ಬಿಕಾಂ, ಬಿಎಸ್ಸಿ ಯಾವುದಾದರೂ ಸರಿ.

ಕ್ಯಾಂಪ್ ಹೇಗಿರುತ್ತದೆ?

ಕೆಡೆಟ್‌ನ ಜೀವನದಲ್ಲಿ ನಿಜವಾಗಿ ಬದಲಾವಣೆ ತರುವುದು ಪರೇಡ್ ಮೈದಾನಕ್ಕಿಂತ ಕ್ಯಾಂಪ್. ವಾರ್ಷಿಕ ತರಬೇತಿ ಶಿಬಿರ ಹತ್ತು ದಿನದ್ದು. ಯಾವುದೋ ಕಾಲೇಜಿನ ಅಥವಾ ವಸತಿ ಶಾಲೆಯ ಆವರಣ, ನೂರಾರು ಕೆಡೆಟ್‌ಗಳು, ಹಾಲ್‌ನ ನೆಲದ ಮೇಲೆ ಸಾಲಾಗಿ ಹಾಸಿದ ಹಾಸಿಗೆ. ಬೆಳಿಗ್ಗೆ ಐದಕ್ಕೆ ಮೊದಲೇ ಎದ್ದು ನಲ್ಲಿಯ ಮುಂದೆ ಸಾಲು ನಿಲ್ಲಬೇಕು. ಪಿಟಿ, ತಿಂಡಿ, ಡ್ರಿಲ್, ಫೈರಿಂಗ್, ನಕ್ಷೆ ಪಾಠ, ಸಂಜೆ ಆಟ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ, ರೋಲ್ ಕಾಲ್. ಕೆಲವರಿಗೆ ಅದರ ಮೇಲೆ ರಾತ್ರಿ ಕಾವಲು. ಪಾತ್ರೆ ತೊಳೆಯುವುದು, ಆವರಣ ಗುಡಿಸುವುದು, ಶೌಚಾಲಯ ಸ್ವಚ್ಛ ಮಾಡುವುದು, ಇದನ್ನೆಲ್ಲ ನಿಮ್ಮ ಕೈಯಿಂದಲೇ ಮಾಡಬೇಕು. ಊಟಕ್ಕೆ ನಿಮ್ಮದೇ ತಟ್ಟೆ ಲೋಟ ಹಿಡಿದು ಸಾಲು. ಮೆಸ್ ಊಟ ಒಂದೇ ತರಹ ಇರುತ್ತದೆ. ಜೋಳದ ರೊಟ್ಟಿ ಇಲ್ಲದೆ ಊಟ ಸೇರದ ಕಲಬುರಗಿಯವರೂ, ಕುಚಲಕ್ಕಿ ಗಂಜಿಗೆ ಒಗ್ಗಿದ ಉಡುಪಿಯವರೂ ಅದನ್ನೇ ತಿನ್ನಬೇಕು. ಫೋನ್ ಬಳಕೆಗೆ ಮಿತಿ ಇರುತ್ತದೆ.

ಮೂರನೆಯ ದಿನ ಬಹಳ ಕೆಡೆಟ್‌ಗಳು ಮನೆಗೆ ಹೋಗುತ್ತೇನೆ ಅನ್ನುತ್ತಾರೆ. ಪೋಷಕರಲ್ಲಿ ನನ್ನ ಕೋರಿಕೆ: ಆ ದಿನ ಫೋನ್ ಬಂದರೆ ಗಾಬರಿಯಾಗಬೇಡಿ, ಧೈರ್ಯ ಹೇಳಿ ಇನ್ನೆರಡು ದಿನ ಕಾಯಿಸಿ. ನಿಜವಾಗಿ ಜ್ವರ, ಗಾಯ ಇದ್ದರೆ ಮಾತು ಬೇರೆ. ಕ್ಯಾಂಪ್‌ನಲ್ಲಿ ಅದಕ್ಕೆ ವೈದ್ಯಕೀಯ ವ್ಯವಸ್ಥೆ ಇರುತ್ತದೆ, ಕೆಡೆಟ್ ಅದನ್ನು ಮುಚ್ಚಿಡಬಾರದು.

ಹೊಸ ಬೂಟನ್ನು ಕ್ಯಾಂಪ್‌ನಲ್ಲೇ ಮೊದಲ ಬಾರಿ ಹಾಕಬೇಡಿ. ಎರಡು ವಾರ ಮೊದಲಿನಿಂದ ದಿನಾ ಒಂದು ಗಂಟೆ ಹಾಕಿ ಓಡಾಡಿ, ಇಲ್ಲದಿದ್ದರೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಅರ್ಧ ಕ್ಯಾಂಪ್ ಕೂತೇ ಕಳೆಯುತ್ತದೆ. ದಪ್ಪ ಕಾಲುಚೀಲ, ಬೀಗ, ಟಾರ್ಚ್, ಸೂಜಿ ದಾರ, ಬೂಟ್ ಪಾಲಿಶ್ ಇರಲಿ. ಚಿನ್ನ ಬೇಡವೇ ಬೇಡ.

ಖರ್ಚು ಎಷ್ಟು ಬರುತ್ತದೆ?

ಮನೆಯವರಿಗೆ ಹೊರೆಯಾಗುವಷ್ಟಿಲ್ಲ. ಸಮವಸ್ತ್ರ ಅಥವಾ ಅದರ ಹಣ ಎನ್‌ಸಿಸಿಯಿಂದಲೇ ಬರುತ್ತದೆ, ಕ್ಯಾಂಪ್‌ನ ಊಟ ವಸತಿಗೂ ನೀವು ಕೊಡಬೇಕಿಲ್ಲ. ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ಅದರಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದಲಿ.

ಹೆಣ್ಣುಮಗಳನ್ನು ಕಳಿಸಬಹುದಾ ಸರ್?

ಕಳಿಸಿ. ಕಾಲೇಜು ಹುಡುಗಿಯರಿಗೆಂದೇ ಎನ್‌ಸಿಸಿಯಲ್ಲಿ ಸೀನಿಯರ್ ವಿಂಗ್ ಎಂಬ ವಿಭಾಗ ಇದೆ. ಕ್ಯಾಂಪ್‌ನಲ್ಲಿ ಅವರ ವಸತಿ ಪ್ರತ್ಯೇಕ, ಜೊತೆಗೆ ಮಹಿಳಾ ಅಧಿಕಾರಿಗಳು ಮತ್ತು ಮಹಿಳಾ ತರಬೇತುದಾರರು ಇರುತ್ತಾರೆ. ಮುಟ್ಟಿನ ದಿನಗಳಲ್ಲಿ ತೊಂದರೆ ಇದ್ದರೆ ಅವರಿಗೆ ಸಂಕೋಚವಿಲ್ಲದೆ ಹೇಳಲು ಮಗಳಿಗೆ ಮೊದಲೇ ತಿಳಿಸಿ.

ಮುಂದಿನ ದಾರಿಯೂ ಅವಳಿಗೆ ತೆರೆದಿದೆ. ಎನ್‌ಸಿಸಿ ಸ್ಪೆಷಲ್ ಎಂಟ್ರಿಯಲ್ಲಿ ಮಹಿಳೆಯರಿಗೆ ಸ್ಥಾನಗಳಿವೆ, ಪುರುಷರಿಗಿಂತ ಬಹಳ ಕಡಿಮೆ. ಆಯ್ಕೆಯಾದವರು ತರಬೇತಿ ಪಡೆಯುವ ಚೆನ್ನೈ ಅಕಾಡೆಮಿ 1992ರಿಂದ ಮಹಿಳೆಯರನ್ನು ಅಧಿಕಾರಿಗಳನ್ನಾಗಿ ತರಬೇತುಗೊಳಿಸುತ್ತಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವರಿಗೆ ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗಿನ ಅಧಿಕಾರಿ ಸೇವೆ) ಸಿಗುವ ದಾರಿ ಅಗಲವಾಯಿತು. 2023ರಲ್ಲಿ ಫಿರಂಗಿ ದಳಕ್ಕೂ ಮಹಿಳಾ ಅಧಿಕಾರಿಗಳು ಸೇರಿದರು. ಪದಾತಿ ದಳ ಮತ್ತು ಟ್ಯಾಂಕ್ ದಳ ಇನ್ನೂ ತೆರೆದಿಲ್ಲ. ತೆರೆಯಬೇಕೆಂಬುದು ನನ್ನ ಅಭಿಪ್ರಾಯ. ಕ್ಯಾಂಪ್‌ನಲ್ಲಿ ಹುಡುಗಿಯರ ಸಹನೆ ನೋಡಿದ ಮೇಲೆ ಬೇರೆ ಮಾತು ಹೇಳಲಾರೆ.

‘ಬಿ’, ‘ಸಿ’ ಪರೀಕ್ಷೆ ಕಷ್ಟವೇ?

ತಪ್ಪದೆ ಬಂದವರಿಗೆ ಕಷ್ಟವಲ್ಲ. ಎರಡು ವರ್ಷ ಮುಗಿಸಿ ‘ಬಿ’, ಮೂರನೇ ವರ್ಷದಲ್ಲಿ ‘ಸಿ’. ಡ್ರಿಲ್, ರೈಫಲ್ ಬಿಚ್ಚಿ ಜೋಡಿಸುವುದು, ನಕ್ಷೆ, ಬರಹದ ಪತ್ರಿಕೆ ಎಲ್ಲ ಇರುತ್ತವೆ. ಕ್ಯಾಂಪ್ ಮಾಡದವರು ಕೂರುವಂತಿಲ್ಲ. ‘ಸಿ’ ಸರ್ಟಿಫಿಕೇಟ್‌ನಲ್ಲಿ ‘ಸಿ’ ಗ್ರೇಡ್ ಬಂದರೆ ಪಾಸ್ ಆದರೂ ಸ್ಪೆಷಲ್ ಎಂಟ್ರಿಗೆ ಸಾಲದು, ಅದನ್ನು ನೆನಪಿಡಿ.

ಅಂಡರ್ ಆಫೀಸರ್ ಆಗದಿದ್ದರೆ ಅವಕಾಶ ತಪ್ಪುತ್ತದೆಯೇ? ದೆಹಲಿ ಪರೇಡ್‌ಗೆ ಹೋಗಿರಬೇಕೇ?

ಎರಡೂ ಕಡ್ಡಾಯವಲ್ಲ. ಲಾನ್ಸ್ ಕಾರ್ಪೊರಲ್, ಕಾರ್ಪೊರಲ್, ಸಾರ್ಜೆಂಟ್ ಹೀಗೆ ಮೇಲೇರಿ ಕೊನೆಗೆ ಸೀನಿಯರ್ ಅಂಡರ್ ಆಫೀಸರ್. ಹುದ್ದೆಯ ಗುರುತಾದ ಆ ಪಟ್ಟಿ ಒಬ್ಬರಿಗೆ ಸಿಕ್ಕರೆ ಉಳಿದವರಿಗೆ ಸಿಗುವುದಿಲ್ಲ. ಆದರೆ ಹೊಣೆ ಹೊರಲು ಪಟ್ಟಿ ಬೇಕಿಲ್ಲ: ರಕ್ತದಾನ ಶಿಬಿರಕ್ಕೆ ಹೆಸರು ಬರೆಸುವುದು, ಹೊಸಬರಿಗೆ ಡ್ರಿಲ್ ಹೇಳಿಕೊಡುವುದು, ಕ್ಯಾಂಪ್‌ಗೆ ಹೊರಟ ಬಸ್ಸಿನಲ್ಲಿ ಎಲ್ಲರ ಲೆಕ್ಕ ಇಟ್ಟುಕೊಳ್ಳುವುದು. ನಾನು ಯಾರಿಗೆ ಪಟ್ಟಿ ಕೊಡಬೇಕೆಂದು ನೋಡುವುದೂ ಇವುಗಳಲ್ಲೇ. ತನ್ನ ಊಟ ಮುಗಿದ ಮೇಲೆ ಎದ್ದು ಹೋಗುವವನನ್ನಲ್ಲ, ತನ್ನ ಸೆಕ್ಷನ್‌ನವರು ಉಂಡರೇ ಎಂದು ತಿರುಗಿ ನೋಡುವವನನ್ನು ಹುಡುಕುತ್ತೇನೆ.

ಗಣರಾಜ್ಯೋತ್ಸವ ಶಿಬಿರಕ್ಕೆ ಆಯ್ಕೆಯಾಗುವುದು ದೊಡ್ಡ ಗೌರವ. ಕರ್ನಾಟಕ ಮತ್ತು ಗೋವಾ ಸೇರಿ ಒಂದೇ ನಿರ್ದೇಶನಾಲಯ, ಅದರ ಕೇಂದ್ರ ಬೆಂಗಳೂರು. ತಿಂಗಳುಗಟ್ಟಲೆ ಸುತ್ತಿನ ಮೇಲೆ ಸುತ್ತು ಆಯ್ಕೆ ನಡೆದು ಕೆಲವರು ಮಾತ್ರ ಉಳಿಯುತ್ತಾರೆ. ದೆಹಲಿ ದಂಡು ಪ್ರದೇಶದಲ್ಲಿ ಈ ಶಿಬಿರ ನಡೆಯುವ ಮೈದಾನಕ್ಕೆ ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಹೆಸರಿದೆ. ಅಲ್ಲಿ ನಿಂತ ಕನ್ನಡದ ಮಕ್ಕಳಿಗೆ ಅದು ಗೊತ್ತಿರಲಿ ಎಂದು ಪ್ರತಿ ತಂಡಕ್ಕೂ ಹೇಳುತ್ತೇನೆ. ಅಲ್ಲಿಗೆ ಹೋಗಲಾಗದಿದ್ದರೆ ಸೇನಾ ಘಟಕಕ್ಕೆ ಕಳಿಸುವ ಅಟ್ಯಾಚ್‌ಮೆಂಟ್ ಕ್ಯಾಂಪ್‌ಗೆ ಹೆಸರು ಕೊಡಿ. ಅಧಿಕಾರಿಯಾಗಬೇಕು ಎಂಬವರಿಗೆ ಅದು ಹೆಚ್ಚು ಉಪಯುಕ್ತ ಎಂದೇ ನನ್ನ ನಂಬಿಕೆ. ಜವಾನರು ಹೇಗೆ ಬದುಕುತ್ತಾರೆ, ಯುವ ಲೆಫ್ಟಿನೆಂಟ್ ಅವರೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಕಣ್ಣಾರೆ ನೋಡಬಹುದು.

ಎಸ್‌ಎಸ್‌ಬಿ ಅಂದರೆ ಏನು? ಐದು ದಿನ ಏನು ಮಾಡಿಸುತ್ತಾರೆ?

ಸರ್ವಿಸಸ್ ಸೆಲೆಕ್ಷನ್ ಬೋರ್ಡ್. ಭೂಸೇನೆಯ ಆಯ್ಕೆ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಇದೆ. ಭೋಪಾಲ್, ಪ್ರಯಾಗರಾಜ್‌ಗೂ ಕರೆಯಬಹುದು. ವಾಯುಪಡೆಯ ಒಂದು ಮಂಡಳಿ ಮೈಸೂರಿನಲ್ಲಿದೆ.

ಮೊದಲ ದಿನವೇ ಜರಡಿ. ಬುದ್ಧಿಶಕ್ತಿಯ ಪ್ರಶ್ನೆಗಳು, ಆಮೇಲೆ ಮಸುಕಾದ ಒಂದು ಚಿತ್ರ 30 ಸೆಕೆಂಡ್ ತೋರಿಸುತ್ತಾರೆ. ಅದರ ಮೇಲೆ ಕಥೆ ಬರೆದು, ಗುಂಪಿನಲ್ಲಿ ಹೇಳಿ, ಎಲ್ಲರೂ ಸೇರಿ ಒಂದು ಕಥೆಗೆ ಬರಬೇಕು. ಇಲ್ಲಿ ಉಳಿಯದವರು ಅದೇ ದಿನ ಊರಿಗೆ ಹೊರಡುತ್ತಾರೆ, ಅವರ ಸಂಖ್ಯೆ ದೊಡ್ಡದು. ಗುಂಪಿನಲ್ಲಿ ಕಿರುಚುವವರು ಗೆಲ್ಲುತ್ತಾರೆ ಎಂಬ ನಂಬಿಕೆ ಕ್ಯಾಂಪಸ್ಸಿನಲ್ಲಿ ಹರಡಿದೆ, ಅದನ್ನು ಬಿಟ್ಟುಬಿಡಿ. ನಿಮ್ಮ ಮಾತು ಸ್ಪಷ್ಟವಾಗಿರಲಿ, ಇನ್ನೊಬ್ಬರು ಹೇಳಿದ್ದನ್ನು ಕೇಳಿಸಿಕೊಂಡಿದ್ದೀರಿ ಎಂಬುದು ಅದರಲ್ಲಿ ಕಾಣಲಿ.

ಉಳಿದವರಿಗೆ ಮನೋವಿಜ್ಞಾನದ ಬರಹ: 12 ಚಿತ್ರಗಳಿಗೆ ಕಥೆ, ಅದರಲ್ಲಿ ಕೊನೆಯದು ಖಾಲಿ ಹಾಳೆ. 60 ಪದಗಳು, ಪ್ರತಿ ಪದಕ್ಕೆ 15 ಸೆಕೆಂಡ್‌ನಲ್ಲಿ ಒಂದು ವಾಕ್ಯ. 60 ಸನ್ನಿವೇಶಗಳಿಗೆ 30 ನಿಮಿಷದಲ್ಲಿ ನೀವೇನು ಮಾಡುತ್ತೀರಿ ಎಂಬ ಉತ್ತರ. ಕೊನೆಗೆ ನಿಮ್ಮ ಬಗ್ಗೆ ಅಪ್ಪ ಅಮ್ಮ, ಮೇಷ್ಟ್ರು, ಗೆಳೆಯರು ಏನನ್ನುತ್ತಾರೆ ಎಂದು ಬರೆಯುವುದು. ಯೋಚಿಸಿ ನಟಿಸಲು ಸಮಯವೇ ಇರುವುದಿಲ್ಲ, ಪರೀಕ್ಷೆಯ ಉದ್ದೇಶವೂ ಅದೇ. ಬಾಯಿಪಾಠದ ಕಥೆಗಳನ್ನು ಮಾರುವವರಿಗೆ ದುಡ್ಡು ಕೊಡಬೇಡಿ.

ಆಮೇಲೆ ಮೈದಾನ. ಎರಡು ದಿನ ಗುಂಪು ಚರ್ಚೆ, ಮರಳಿನ ಮಾದರಿಯ ಮೇಲೆ ಯೋಜನೆ, ಹಲಗೆ, ಮರದ ಕಂಬ, ಹಗ್ಗ ಬಳಸಿ ಅಡೆತಡೆ ದಾಟುವುದು, ಮೂರು ನಿಮಿಷದಲ್ಲಿ 10 ಅಡೆತಡೆ, ಭಾಷಣ, ಗುಂಪನ್ನು ನೀವೇ ನಡೆಸುವ ಕಮಾಂಡ್ ಟಾಸ್ಕ್. ಎನ್‌ಸಿಸಿ ಮಕ್ಕಳಿಗೆ ಇಲ್ಲಿ ಮೈ ಅಳುಕುವುದಿಲ್ಲ. ಆದರೆ ಕಮಾಂಡ್ ಕೊಟ್ಟು ಅಭ್ಯಾಸವಾದವರು ಗುಂಪಿನ ಮೇಲೆ ಜೋರು ಮಾಡುವ ಅಪಾಯವೂ ಇದೆ. ಹಲಗೆಯನ್ನು ಹಿಡಿದುಕೊಂಡು ನಿಲ್ಲುವವನೂ ಅಲ್ಲಿ ಕಾಣುತ್ತಾನೆ ಎಂಬುದನ್ನು ಮರೆಯಬೇಡಿ.

ನಡುವೆ ಒಂದು ದಿನ ವೈಯಕ್ತಿಕ ಸಂದರ್ಶನ. ನೀವೇ ತುಂಬಿದ ಮಾಹಿತಿ ಪತ್ರದಿಂದಲೇ ಪ್ರಶ್ನೆ. ‘ಕ್ಯಾಂಪ್‌ನಲ್ಲಿ ಏನು ತೊಂದರೆ ಬಂತು, ನೀವೇನು ಮಾಡಿದಿರಿ?’ ಎಂದು ಕೇಳಿದರೆ ಉತ್ತರ ನಿಮ್ಮ ಮೂರು ವರ್ಷದಿಂದ ಬರಬೇಕು. ಕೊನೆಯ ದಿನ ಎಲ್ಲ ಪರೀಕ್ಷಕರೂ ಕೂತ ಕಾನ್ಫರೆನ್ಸ್, ಅದೇ ದಿನ ಫಲಿತಾಂಶ. ಒಂದೇ ಬಗೆಯ ಕಮಿಷನ್‌ಗೆ ಮೊದಲ ಬಾರಿ ಹೋದವರಿಗೆ ರೈಲು ದರ ಕೊಡುತ್ತಾರೆ, ಟಿಕೆಟ್ ಬಿಸಾಡಬೇಡಿ.

ನಾನು ಕನ್ನಡ ಮಾಧ್ಯಮ. ಇಂಗ್ಲಿಷ್‌ಗೆ ಹೆದರಿಕೆ.

ಕನ್ನಡ ಮಾಧ್ಯಮದಿಂದ ಬಂದವರು ಅಧಿಕಾರಿಗಳಾಗಿದ್ದಾರೆ, ಆಗುತ್ತಲೂ ಇದ್ದಾರೆ. ಅಲಂಕಾರದ ಇಂಗ್ಲಿಷ್ ಬೇಡ. ಚಿಕ್ಕ ವಾಕ್ಯ, ತಡೆಯದ ಮಾತು ಸಾಕು. ಆದರೆ ಕೊನೆಯ ತಿಂಗಳಲ್ಲಿ ಕಲಿತರೆ ಆಗುವುದಿಲ್ಲ. ಮೊದಲ ವರ್ಷದಿಂದಲೇ ದಿನಾ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿ ಓದಿ, ಗೆಳೆಯನ ಎದುರು ಎರಡು ನಿಮಿಷ ಅದನ್ನು ಹೇಳಿ. ನಗುವ ಗೆಳೆಯರಿದ್ದರೆ ಬೇರೆ ಗೆಳೆಯರನ್ನು ಹುಡುಕಿಕೊಳ್ಳಿ.

ದೇಹ ಎಷ್ಟು ತಯಾರಿರಬೇಕು?

ಅಕಾಡೆಮಿ ಸೇರುವ ಹೊತ್ತಿಗೆ ಪುರುಷರು 2.4 ಕಿ.ಮೀ.ಯನ್ನು 10 ನಿಮಿಷ 30 ಸೆಕೆಂಡ್‌ನಲ್ಲಿ, ಮಹಿಳೆಯರು 13 ನಿಮಿಷದಲ್ಲಿ ಓಡಬೇಕು. ಪುಷ್‌ಅಪ್ ಪುರುಷರಿಗೆ 40, ಮಹಿಳೆಯರಿಗೆ 15. ಈಜಿನ ಮೂಲ ಪರಿಚಯವೂ ಬೇಕು. ಊರಿನ ಬಾವಿ, ಹೊಳೆಯಲ್ಲಿ ಈಜು ಕಲಿತವರಿಗೆ ಇದು ಸಲೀಸು. ನೀರನ್ನೇ ಕಾಣದ ಬಯಲುಸೀಮೆಯ ಮಕ್ಕಳು ರಜೆಯಲ್ಲಿ ಬಲ್ಲವರ ಜೊತೆಯಲ್ಲೇ ಕಲಿಯಿರಿ.

ಮೊದಲ ವರ್ಷದಲ್ಲೇ ಒಮ್ಮೆ ವೈದ್ಯರಿಗೆ ತೋರಿಸಿ: ದೃಷ್ಟಿ, ಬಣ್ಣ ಗುರುತಿಸುವುದು, ಕಿವಿ, ಚಪ್ಪಟೆ ಪಾದ, ಕೂಡುವ ಮಂಡಿ, ಹಲ್ಲು. ಸರಿಯಾಗುವುದನ್ನು ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ, ಆಗದ್ದು ಮೊದಲೇ ತಿಳಿಯುತ್ತದೆ. ಹಚ್ಚೆ ಹಾಕಿಸಿಕೊಳ್ಳಬೇಡಿ.

ಆಯ್ಕೆಯಾದ ಮೇಲೆ ಎಲ್ಲಿ, ಎಷ್ಟು ದಿನ?

ಚೆನ್ನೈನ ಸೇಂಟ್ ಥಾಮಸ್ ಮೌಂಟ್‌ನಲ್ಲಿರುವ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ 49 ವಾರ. ಚೀನಾ ಯುದ್ಧದ ನಂತರ ಅಧಿಕಾರಿಗಳ ಕೊರತೆ ನೀಗಲು 1963ರಲ್ಲಿ ಶುರುವಾದ ಸಂಸ್ಥೆ ಅದು. ಎನ್‌ಸಿಸಿಯಲ್ಲಿ ಕಂಡದ್ದೆಲ್ಲ ಅಲ್ಲಿ ಹಲವು ಪಟ್ಟು ಕಠಿಣವಾಗಿ ಎದುರಾಗುತ್ತದೆ. ಬೆನ್ನಿಗೆ ಭಾರ ಹೊತ್ತು ಉದ್ದದ ಓಟ, ನಿದ್ದೆ ಕಡಿಮೆ, ಚೆನ್ನೈನ ಬಿಸಿಲು, ಬಯಲಿನಲ್ಲಿ ದಿನಗಟ್ಟಲೆ ಯುದ್ಧಾಭ್ಯಾಸ. ಕಾಲಿನ ಮೂಳೆಗೆ ಪೆಟ್ಟಾಗಿ ಒಂದು ಟರ್ಮ್ ಹಿಂದೆ ಉಳಿಯುವವರೂ ಇರುತ್ತಾರೆ. ಹಾಗೆ ಉಳಿದು ಮುಂದಿನ ತಂಡದೊಂದಿಗೆ ಮುಗಿಸುವುದು ಸೋಲಲ್ಲ. ತರಬೇತಿ ಮುಗಿಯುವವರೆಗೆ ಮದುವೆಯಾಗುವಂತಿಲ್ಲ.

ಪಾಸಿಂಗ್ ಔಟ್ ಪರೇಡ್ ನಡೆಯುವ ಮೈದಾನಕ್ಕೆ ಮೇಜರ್ ಆರ್. ಪರಮೇಶ್ವರನ್ ಹೆಸರಿದೆ. ಇದೇ ಸಂಸ್ಥೆಯಿಂದ ಹೊರಬಂದವರು, 1987ರಲ್ಲಿ ಶ್ರೀಲಂಕಾದಲ್ಲಿ ಹೋರಾಡಿ ಮಡಿದು ಮರಣೋತ್ತರ ಪರಮವೀರ ಚಕ್ರ ಪಡೆದವರು. ಅದಾದ ಮೇಲೆ ಅಪ್ಪ ಅಮ್ಮ ಹೆಗಲಿಗೆ ನಕ್ಷತ್ರ ತೊಡಿಸುತ್ತಾರೆ, ನೀವು ಲೆಫ್ಟಿನೆಂಟ್.

ಸಂಬಳ? ಮಧ್ಯೆ ಬಿಟ್ಟರೆ?

ತರಬೇತಿಯಲ್ಲಿ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ತರಬೇತಿ ಮುಗಿಸಿದವರಿಗೆ ಮದ್ರಾಸ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಡಿಪ್ಲೊಮಾ ಸಿಗುತ್ತದೆ. ಇದು ಶಾರ್ಟ್ ಸರ್ವಿಸ್ ಕಮಿಷನ್: 10 ವರ್ಷ ಸೇವೆ, ಬೇಕಾದರೆ ಇನ್ನೂ 4 ವರ್ಷ, ಅಥವಾ ಅರ್ಹರಿಗೆ ಪರ್ಮನೆಂಟ್ ಕಮಿಷನ್. ಸ್ವಂತ ಇಚ್ಛೆಯಿಂದ ತರಬೇತಿ ಬಿಟ್ಟರೆ ಅದರ ವೆಚ್ಚ ಕಟ್ಟಬೇಕಾಗುತ್ತದೆ.

ಎಸ್‌ಎಸ್‌ಬಿಯಲ್ಲಿ ಆಗದಿದ್ದರೆ?

ಮತ್ತೆ ಹೋಗಿ. ವಯಸ್ಸು ಇರುವವರೆಗೆ ಪ್ರಯತ್ನಕ್ಕೆ ಮಿತಿ ಇಲ್ಲ. ಆದರೆ ಎರಡು ಪ್ರಯತ್ನಗಳ ನಡುವೆ ಬದುಕಿನಲ್ಲಿ ಏನಾದರೂ ಹೊಸದು ನಡೆದಿರಲಿ: ಕೆಲಸ, ಆಟ, ಊರಿನ ಒಂದು ಹೊಣೆ. ಬರೀ ಕೋಚಿಂಗ್‌ನಲ್ಲಿ ಕೂತು ಹೋದವರು ಅದೇ ವ್ಯಕ್ತಿಯಾಗಿ ಮರಳಿ ನಿಲ್ಲುತ್ತಾರೆ. ‘ನೀನು ನಾಲಾಯಕ್’ ಎಂದು ಮಂಡಳಿ ಹೇಳಿಲ್ಲ, ಮನೆಯವರೂ ಹೇಳಬಾರದು.

ನಮ್ಮ ಕಾಲೇಜಿನಲ್ಲಿ ಎನ್‌ಸಿಸಿ ಇಲ್ಲ, ಅಥವಾ ಸೇರಲು ತಡವಾಯಿತು.

ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುವ ಸಿಡಿಎಸ್ (ಕಂಬೈನ್ಡ್ ಡಿಫೆನ್ಸ್ ಸರ್ವಿಸಸ್) ಪರೀಕ್ಷೆ ಬರೆಯಿರಿ. ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಕೇಂದ್ರಗಳಿವೆ. ಚೆನ್ನೈ ಅಕಾಡೆಮಿಗೆ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಸಾಕು. ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಗೆ ಗಣಿತವೂ ಬೇಕು. ‘ಸಿ’ ಸರ್ಟಿಫಿಕೇಟ್ ಇರುವವರಿಗೆ ಡೆಹ್ರಾಡೂನ್‌ನಲ್ಲೂ ಕೆಲವು ಸ್ಥಾನಗಳು ಮೀಸಲು. ಎಂಜಿನಿಯರಿಂಗ್ ಮತ್ತು ಕಾನೂನು ಓದಿದವರಿಗೆ ಬೇರೆ ಪ್ರವೇಶಗಳಿವೆ, ವಾಯುಪಡೆಗೆ ಆಫ್‌ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಇದೆ. ಅಧಿಸೂಚನೆಯನ್ನು ಸೇನೆ ಮತ್ತು ಯುಪಿಎಸ್‌ಸಿಯ ಅಧಿಕೃತ ಜಾಲತಾಣದಲ್ಲೇ ಓದಿ, ಷರತ್ತುಗಳು ಬದಲಾಗುತ್ತಿರುತ್ತವೆ. ದುಡ್ಡು ಕೊಟ್ಟರೆ ಸೀಟು ಕೊಡಿಸುತ್ತೇನೆ ಎಂದು ಯಾರಾದರೂ ಬಂದರೆ ನೇರವಾಗಿ ಪೊಲೀಸರಿಗೆ ತಿಳಿಸಿ.